ಹಲ್ಲಿನ ಮೇಲೆ ಬಿಳಿ ಮಚ್ಚೆ: ಪೇಸ್ಟ್ ಸಾಕಾ, ವಾರ್ನಿಷ್ ಬೇಕಾ, ದುಬಾರಿ ಟ್ಯೂಬ್ ಕೊಳ್ಳಬೇಕಾ?

ಹಲ್ಲಿನ ಮೇಲೆ ಸುಣ್ಣದ ಬಿಳುಪಿನ ಒಂದು ಮಚ್ಚೆ. ನೋವಿಲ್ಲ, ಗುಂಡಿ ಬಿದ್ದಿಲ್ಲ, ತಣ್ಣೀರು ಕುಡಿದರೆ ಜುಂ ಅನ್ನುವುದೂ ಇಲ್ಲ. ಹಲ್ಲಿನ ಡಾಕ್ಟರು ನೋಡಿ "ಇದು ಹುಳುಕಿನ ಶುರು, ಈಗಲೇ ಹಿಡಿದರೆ ಕೊರೆಯೋದು ಬೇಕಿಲ್ಲ" ಅಂದಿರುತ್ತಾರೆ. ಮೆಡಿಕಲ್ ಸ್ಟೋರಿನಲ್ಲಿ ಕೇಳಿದರೆ ಒಂದು ದುಬಾರಿ ಟ್ಯೂಬ್ ತೋರಿಸುತ್ತಾರೆ. ಪಕ್ಕದ ಮನೆಯವರು ಮಗುವಿಗೆ ಅದೇನೋ ವಾರ್ನಿಷ್ ಹಚ್ಚಿಸಿಕೊಂಡು ಬಂದಿರುತ್ತಾರೆ. ಫೋನಿನಲ್ಲಿ ಹುಡುಕಿದರೆ ಪೇಸ್ಟಿನಲ್ಲಿರುವ ಫ್ಲೋರೈಡೇ ವಿಷ ಅನ್ನುವ ವಿಡಿಯೊ. ಹೀಗೆ ನಾಲ್ಕು ಕಡೆಯ ನಾಲ್ಕು ಮಾತು ಕೇಳಿ ತಲೆಕೆಟ್ಟು ಬರುವವರನ್ನು ಕೋಲಾರದ ನನ್ನ ಕ್ಲಿನಿಕ್ಕಿನಲ್ಲಿ ದಿನಾ ನೋಡುತ್ತೇನೆ. ಅವರಿಗೆ ಕುರ್ಚಿ ಪಕ್ಕ ನಿಂತು ಅವಸರದಲ್ಲಿ ಹೇಳುವುದನ್ನೇ ಇಲ್ಲಿ ಸಾವಧಾನವಾಗಿ ಬರೆಯುತ್ತಿದ್ದೇನೆ.

ಎಲ್ಲಾ ಕಡೆಗೂ ಹೊಂದುವ ಸಲಹೆ ನಮ್ಮ ಜಿಲ್ಲೆಗಳಿಗೆ ಹಾಗೇ ಹೊಂದುವುದಿಲ್ಲ. ಕಾರಣ ನೀರು. ಮುಳಬಾಗಿಲು, ಶ್ರೀನಿವಾಸಪುರ, ಚಿಂತಾಮಣಿ, ಬಾಗೇಪಲ್ಲಿ, ಆ ಕಡೆ ತುಮಕೂರು ಜಿಲ್ಲೆಯ ಪಾವಗಡ. ಇಲ್ಲೆಲ್ಲ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಇರುವ ಹಳ್ಳಿಗಳು ಬೇಕಾದಷ್ಟಿವೆ. ಹುಳುಕಿನ ಶುರುವಿಗೆ ಹಚ್ಚುವ ಮುಖ್ಯ ಔಷಧಿಯೂ ಫ್ಲೋರೈಡೇ. ಹಾಗಾಗಿ ಬೆಂಗಳೂರಿನ ಕಾವೇರಿ ನೀರು ಕುಡಿಯುವ ಮನೆಗೂ ಬಾಗೇಪಲ್ಲಿ ಹತ್ತಿರದ ಹಳ್ಳಿಯ ಮನೆಗೂ ಒಂದೇ ಚೀಟಿ ಬರೆದು ಕೊಡಲು ಬರುವುದಿಲ್ಲ.

ಮಚ್ಚೆ ಹೇಗೆ ಆಗುತ್ತೆ

ಹಲ್ಲಿನ ಹೊರಗಿನ ಗಟ್ಟಿ ಪದರ ಎನಾಮಲ್. ತೂಕದಲ್ಲಿ ನೂರಕ್ಕೆ ಸುಮಾರು 96 ಪಾಲು ಖನಿಜ, ಅಂದರೆ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಸೇರಿದ ಹರಳು. ನಾವು ಸಿಹಿ ತಿಂದಾಗ, ಸಕ್ಕರೆ ಹಾಕಿದ ಟೀ ಕುಡಿದಾಗ, ಹಲ್ಲಿಗೆ ಅಂಟಿದ ಪಾಚಿಯಲ್ಲಿರುವ ಬ್ಯಾಕ್ಟೀರಿಯಾ ಅದನ್ನು ಆಮ್ಲ ಮಾಡುತ್ತವೆ. ಬಾಯಿಯ ಪಿಎಚ್ (ಹುಳಿಯ ಅಳತೆ, ಸಂಖ್ಯೆ ಇಳಿದಷ್ಟೂ ಹುಳಿ ಜಾಸ್ತಿ) 5.5ಕ್ಕಿಂತ ಕೆಳಗಿಳಿದರೆ ಹರಳು ಕರಗಲು ಶುರು. ಆಮೇಲೆ ಜೊಲ್ಲು ಬಂದು ಆಮ್ಲವನ್ನು ತಣಿಸಿ, ತನ್ನಲ್ಲಿರುವ ಕ್ಯಾಲ್ಸಿಯಂ ಫಾಸ್ಫೇಟನ್ನು ಮತ್ತೆ ಹಲ್ಲಿಗೆ ಕೊಡುತ್ತದೆ. ಈ ಕೊಡು-ಕೊಳ್ಳು ದಿನವಿಡೀ ನಡೆಯುತ್ತಲೇ ಇರುತ್ತದೆ. ಕರಗುವುದು ಜಾಸ್ತಿಯಾಗಿ ತುಂಬುವುದು ಕಡಿಮೆಯಾದ ಜಾಗದಲ್ಲಿ ಬಿಳಿ ಮಚ್ಚೆ ಏಳುತ್ತದೆ.

ಆ ಮಚ್ಚೆ ಗೆದ್ದಲು ಹಿಡಿದ ಬಾಗಿಲಿನ ಹಾಗೆ. ಹೊರಗಿನ ಪದರ ಇನ್ನೂ ಗಟ್ಟಿ, ಅದರ ಹಿಂದೆ ಒಳಗೊಳಗೇ ಟೊಳ್ಳು. ಹೊರಪದರ ಉಳಿದಿರುವವರೆಗೆ ಒಳಗಿನ ಟೊಳ್ಳಿಗೆ ಖನಿಜ ಮತ್ತೆ ಸೇರಿಸಬಹುದು. ಅದು ಕುಸಿದು ಗುಂಡಿ ಬಿತ್ತೋ, ಯಾವ ಪೇಸ್ಟಿನಿಂದಲೂ ಹಲ್ಲು ಮತ್ತೆ ಬೆಳೆಯುವುದಿಲ್ಲ. ಅದಕ್ಕೇ ಹೇಳುವುದು: ಪಿನ್ನು, ಹಲ್ಲುಕಡ್ಡಿ ಹಾಕಿ ಮಚ್ಚೆಯನ್ನು ಕೆದಕಿ ನೋಡಬೇಡಿ. ನಾವೂ ಈಗ ಚೂಪಾದ ಸಲಕರಣೆಯಿಂದ ಅಲ್ಲಿ ಚುಚ್ಚುವುದಿಲ್ಲ.

ಔಷಧಿ ಆರಿಸುವ ಮೊದಲು

ಮೊದಲ ಪ್ರಶ್ನೆ: ಇದು ಹುಳುಕಿನ ಮಚ್ಚೆಯಾ, ನೀರಿನ ಮಚ್ಚೆಯಾ? ನೀರಿನ ಫ್ಲೋರೈಡ್ ಜಾಸ್ತಿಯಾಗಿ ಬರುವ ಫ್ಲೋರೋಸಿಸ್ ಕೂಡ ಹಲ್ಲನ್ನು ಬಿಳಿಯಾಗಿಯೇ ಮಾಡುತ್ತದೆ. ಎರಡಕ್ಕೂ ಮದ್ದು ಬೇರೆ ಬೇರೆ, ಒಂದರ ಮದ್ದು ಇನ್ನೊಂದಕ್ಕೆ ಬಹುಮಟ್ಟಿಗೆ ಸುಮ್ನೆ ದಂಡ.

ಮನೆಯಲ್ಲೇ ಹೀಗೆ ನೋಡಿ. ಹಗಲ ಬೆಳಕಿನಲ್ಲಿ ಕಿಟಕಿ ಹತ್ತಿರ ಕೂತು, ಚೆನ್ನಾಗಿ ಉಜ್ಜಿ ತೊಳೆದ ಹಲ್ಲನ್ನು ಒಣಗಿದ ಹತ್ತಿ ಬಟ್ಟೆಯಿಂದ ಒರೆಸಿ. ಹುಳುಕಿನ ಮಚ್ಚೆ ವಸಡಿನ ಅಂಚಿಗೆ ಒತ್ತಿಕೊಂಡು ಇರುತ್ತದೆ, ಅಥವಾ ಪಾಚಿ ಕೂರುವ ಜಾಗದಲ್ಲಿ, ಕ್ಲಿಪ್ ಹಾಕಿಸಿದ್ದರೆ ಅದರ ಸುತ್ತ. ಹಲ್ಲು ಒಣಗಿದಂತೆ ಇನ್ನೂ ಎದ್ದು ಕಾಣುತ್ತದೆ. ಬಲಗಡೆ ಇದ್ದದ್ದು ಎಡಗಡೆ ಇರಲೇಬೇಕು ಅಂತಿಲ್ಲ. ಫ್ಲೋರೋಸಿಸ್ ಆದರೆ ಬಲಗಡೆಯ ಹಲ್ಲಿನಲ್ಲಿ ಇದ್ದದ್ದೇ ಎಡಗಡೆಯ ಅದೇ ಹಲ್ಲಿನಲ್ಲೂ ಇರುತ್ತದೆ. ಅಡ್ಡಡ್ಡ ಗೆರೆ, ಮೋಡ ಕವಿದಂಥ ಬಿಳುಪು, ಜೋರಾಗಿದ್ದರೆ ಕಂದು ಬಣ್ಣ. ಹಲ್ಲು ಹುಟ್ಟಿದಾಗಲೇ ಹಾಗಿತ್ತು ಅಂತ ತಾಯಂದಿರು ಹೇಳುತ್ತಾರೆ. ಅನುಮಾನ ಬಂದರೆ ಅಣ್ಣ-ತಂಗಿಯ ಹಲ್ಲು, ಅದೇ ಬೀದಿಯ ಓರಗೆಯ ಮಕ್ಕಳ ಹಲ್ಲು ನೋಡಿ. ಒಂದೇ ನೀರು ಕುಡಿದು ಬೆಳೆದವರಲ್ಲಿ ಒಂದೇ ಥರ ಕಾಣುತ್ತದೆ. ಒಂದು ಮಾತು ಮಾತ್ರ ನೆನಪಿರಲಿ: ಫ್ಲೋರೋಸಿಸ್ ಇರುವ ಹಲ್ಲಿಗೆ ಹುಳುಕು ಬರುವುದೇ ಇಲ್ಲ ಅನ್ನುವುದು ಸುಳ್ಳು. ಎರಡೂ ಒಂದೇ ಬಾಯಲ್ಲಿ ಇರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಎರಡನೇ ಪ್ರಶ್ನೆ ಮನೆಯ ನೀರಿನದು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇದ್ದರೆ ಸರಿ, ಬೇರೆ ನೀರು ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು. ನಿಮ್ಮ ಊರಿನ ನೀರಿನಲ್ಲಿ ಎಷ್ಟಿದೆ ಅಂತ ಗ್ರಾಮ ಪಂಚಾಯಿತಿಯಲ್ಲಿ ಕೇಳಿ. ಜಲಜೀವನ ಮಿಷನ್ ಕೆಳಗೆ ನೀರು ಪರೀಕ್ಷೆಯ ಕಿಟ್ ಕೊಟ್ಟು, ಊರಿನ ಹೆಣ್ಣುಮಕ್ಕಳಿಗೇ ತರಬೇತಿ ಕೊಡುತ್ತಾರೆ. "ನಾವು ಆರ್‌ಒ ಕ್ಯಾನ್ ನೀರೇ ಕುಡಿಯೋದು ಮೇಡಂ" ಅನ್ನುವವರಿಗೆ ನಾನು ಮರುಪ್ರಶ್ನೆ ಹಾಕುತ್ತೇನೆ: ಮುದ್ದೆಗೆ, ಸಾರಿಗೆ, ಕಾಫಿಗೆ ಯಾವ ನೀರು? ಅಲ್ಲಿ ಬೋರ್ ನೀರೇ ಆದರೆ ಫ್ಲೋರೈಡ್ ಆ ದಾರಿಯಲ್ಲಿ ಒಳಗೆ ಹೋಗುತ್ತಲೇ ಇದೆ. ಕಾಯಿಸಿದರೆ ಅದು ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಫ್ಲೋರೈಡ್ ಇನ್ನೂ ಗಟ್ಟಿಯಾಗುತ್ತದೆ. ಘಟಕದ ಆರ್‌ಒ ನೀರು ಮಾತ್ರ ಅದನ್ನು ಬಹುಪಾಲು ತೆಗೆದುಹಾಕುತ್ತದೆ.

ಇನ್ನು ವಯಸ್ಸು. ಹಲ್ಲು ದವಡೆಯೊಳಗೆ ರೂಪುಗೊಳ್ಳುತ್ತಿರುವಾಗ, ಅಂದರೆ ಸುಮಾರು 8 ವರ್ಷದೊಳಗೆ, ಹೊಟ್ಟೆಗೆ ಹೋದ ಫ್ಲೋರೈಡ್ ಜಾಸ್ತಿಯಾದರೆ ಹಲ್ಲಿನ ಫ್ಲೋರೋಸಿಸ್ ಬರುತ್ತದೆ. ಆ ವಯಸ್ಸು ದಾಟಿದವರಿಗೆ ಹಚ್ಚುವ ಫ್ಲೋರೈಡಿನಿಂದ ಹಲ್ಲಿನ ಬಣ್ಣ ಕೆಡುತ್ತದೆ ಅನ್ನುವ ಭಯ ಬೇಡ. ಹಾಗೆಯೇ ಮಗುವಿಗೆ ಉಗುಳಲು ಬರುತ್ತದಾ ಅನ್ನುವುದೂ ಮುಖ್ಯ.

ಮಚ್ಚೆ ಇರುವ ಜಾಗವೂ ಲೆಕ್ಕಕ್ಕೆ ಬರುತ್ತದೆ. ಮುಂದಿನ ಹಲ್ಲಿನ ಮುಖದ ಮೇಲಾ, ದವಡೆ ಹಲ್ಲಿನ ಗೆರೆಗಳಲ್ಲಾ, ಎರಡು ಹಲ್ಲಿನ ಸಂದಿಯಲ್ಲಾ, ವಸಡು ಸರಿದು ಕಾಣುವ ಬೇರಿನ ಮೇಲಾ? ಕೊನೆಯದು ದುಡ್ಡು ಮತ್ತು ಓಡಾಟ. ಹಳ್ಳಿಯಿಂದ ಕೋಲಾರಕ್ಕೋ ಚಿಕ್ಕಬಳ್ಳಾಪುರಕ್ಕೋ ಬರಬೇಕಾದರೆ ಬಸ್ ಚಾರ್ಜು ಜೊತೆಗೆ ಒಂದು ದಿನದ ಕೂಲಿಯೂ ಹೋಗುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿಯದ ಚಿಕಿತ್ಸೆ ಅರ್ಧಕ್ಕೇ ನಿಲ್ಲುತ್ತದೆ.

ಫ್ಲೋರೈಡ್ ಪೇಸ್ಟ್

ಎಲ್ಲದಕ್ಕಿಂತ ಅಗ್ಗ, ಎಲ್ಲದಕ್ಕಿಂತ ಹೆಚ್ಚು ಪರೀಕ್ಷೆಗೆ ಒಳಗಾದದ್ದು. ಜೊಲ್ಲಿನಲ್ಲಿ ಸ್ವಲ್ಪ ಫ್ಲೋರೈಡ್ ಇದ್ದರೆ ಕ್ಯಾಲ್ಸಿಯಂ ಫಾಸ್ಫೇಟ್ ಬೇಗ ಹಲ್ಲಿಗೆ ಕೂರುತ್ತದೆ. ಹಾಗೆ ಕೂತ ಹೊಸ ಹರಳು ಹಳೆಯದಕ್ಕಿಂತ ಗಟ್ಟಿ, ಪಿಎಚ್ 4.5ರ ಹತ್ತಿರ ಇಳಿಯುವವರೆಗೂ ತಡೆಯುತ್ತದೆ. ಈ ಕೆಲಸ ನಡೆಯುವುದು ಹಲ್ಲಿನ ಮೇಲ್ಮೈಯಲ್ಲಿ. ಅಂದರೆ ಫ್ಲೋರೈಡ್ ಹಲ್ಲಿಗೆ ತಾಗಬೇಕು, ಹೊಟ್ಟೆಗೆ ಹೋಗಬೇಕಿಲ್ಲ. ಬೋರ್ ನೀರು ಮಾಡುವ ಹಾನಿ ನುಂಗಿದ್ದರಿಂದ, ಪೇಸ್ಟ್ ಮಾಡುವ ಉಪಕಾರ ತಾಗಿದ್ದರಿಂದ. ಈ ಒಂದು ವ್ಯತ್ಯಾಸ ತಿಳಿದರೆ ಫ್ಲೋರೈಡ್ ಬಗ್ಗೆ ಹರಿದಾಡುವ ಅರ್ಧ ಗೊಂದಲ ಕಳೆಯುತ್ತದೆ.

ನಮ್ಮ ದೇಶದ ನಿಯಮದ ಪ್ರಕಾರ ಪೇಸ್ಟಿನಲ್ಲಿ ಫ್ಲೋರೈಡ್ 1000 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿಗೆ 1000 ಪಾಲು, ಮೀರುವಂತಿಲ್ಲ, ಎಷ್ಟಿದೆ ಅನ್ನುವುದನ್ನು ಟ್ಯೂಬ್ ಮೇಲೆ ಮುದ್ರಿಸಲೇಬೇಕು. ಕೊಳ್ಳುವಾಗ ತಿರುಗಿಸಿ ಓದಿ. ಸೋಡಿಯಂ ಫ್ಲೋರೈಡ್ ಅಥವಾ ಸೋಡಿಯಂ ಮಾನೋಫ್ಲೋರೋಫಾಸ್ಫೇಟ್ ಅಂತ ಇರಬೇಕು. ಬೇವು, ಲವಂಗ ಅಂತ ದೊಡ್ಡದಾಗಿ ಬರೆದ ಎಷ್ಟೋ ಪೇಸ್ಟುಗಳಲ್ಲಿ ಫ್ಲೋರೈಡ್ ಇರುವುದೇ ಇಲ್ಲ. ಅವು ಹಲ್ಲು ಉಜ್ಜಲು ಆದಾವು, ಮಚ್ಚೆ ವಾಸಿ ಮಾಡಲು ಆಗವು. ಇದ್ದಿಲು ಪುಡಿ, ಇಟ್ಟಿಗೆ ಪುಡಿ ಅಂತೂ ಬೇಡವೇ ಬೇಡ. ಖನಿಜ ಕಳೆದುಕೊಂಡು ಮೆತ್ತಗಾದ ಜಾಗವನ್ನು ಅವು ಉಜ್ಜಿ ಉಜ್ಜಿ ಸವೆಸಿಬಿಡುತ್ತವೆ.

ಬಳಸುವ ರೀತಿಯಲ್ಲೇ ಅರ್ಧ ಫಲ ಇದೆ. ರಾತ್ರಿ ಮಲಗುವ ಮುಂಚೆ ಉಜ್ಜುವುದನ್ನು ಬಿಡಬೇಡಿ, ನಿದ್ದೆಯಲ್ಲಿ ಜೊಲ್ಲು ಕಡಿಮೆ. ಉಜ್ಜಿದ ಮೇಲೆ ನೊರೆ ಉಗುಳಿ, ಅಷ್ಟೇ. ಚೊಂಬುಗಟ್ಟಲೆ ನೀರು ಹಾಕಿ ಬಾಯಿ ಮುಕ್ಕಳಿಸಿದರೆ ಹಚ್ಚಿದ್ದೆಲ್ಲ ಬಚ್ಚಲಿಗೆ ಹೋಗುತ್ತದೆ. ಇದನ್ನು ಹೇಳಿದಾಗ ಜನ ಮುಖ ಸಿಂಡರಿಸುತ್ತಾರೆ, ನಿಜ. ನಾಲ್ಕು ದಿನ ಕಷ್ಟ, ಆಮೇಲೆ ರೂಢಿಯಾಗುತ್ತದೆ. 3 ವರ್ಷದೊಳಗಿನ ಮಗುವಿಗೆ ಅಕ್ಕಿ ಕಾಳಿನಷ್ಟು, 3ರಿಂದ 6ರವರೆಗೆ ಬಟಾಣಿಯಷ್ಟು ಸಾಕು. ಜಾಹೀರಾತಿನಲ್ಲಿ ಬ್ರಷ್ ತುಂಬ ಸುರುಳಿ ಹಾಕುವುದನ್ನು ನೋಡಿ ಹಾಗೇ ಮಾಡಬೇಡಿ.

ಕೊರತೆ ಏನು ಅಂದರೆ ನಿಧಾನ. ಮಚ್ಚೆ ಮಂಕು ಕಳೆದು ಹೊಳಪಿಗೆ ಬರಲು ತಿಂಗಳುಗಳು ಬೇಕು. ಮತ್ತೆ ಇದು ಪೂರ್ತಿ ನಿಮ್ಮ ಕೈಯಲ್ಲಿರುವ ಚಿಕಿತ್ಸೆ. ಬಿಟ್ಟುಬಿಟ್ಟು ಮಾಡಿದರೆ ಫಲವಿಲ್ಲ.

ಫ್ಲೋರೈಡ್ ವಾರ್ನಿಷ್

ಮಚ್ಚೆ ಇರುವ ಹೆಚ್ಚಿನವರಿಗೆ ಪೇಸ್ಟ್ ಜೊತೆ ನಾನು ಮೊದಲು ಸೂಚಿಸುವುದು ಇದನ್ನೇ. 5 ಶೇಕಡಾ ಸೋಡಿಯಂ ಫ್ಲೋರೈಡ್ ಇರುವ ಅಂಟು ದ್ರವ, 22,600 ಪಿಪಿಎಂ. ಸಂಖ್ಯೆ ಕೇಳಿ ಗಾಬರಿಯಾಗಬೇಡಿ. ಹಚ್ಚುವುದು ಕೆಲವೇ ಹನಿ. ಹಲ್ಲಿಗೆ ಅಂಟಿ ಕೂತು ಗಂಟೆಗಟ್ಟಲೆ ನಿಧಾನವಾಗಿ ಬಿಡುತ್ತದೆ, ಹಾಗಾಗಿ ಒಂದೇ ಸಲಕ್ಕೆ ಹೊಟ್ಟೆಗೆ ಹೋಗುವುದು ಕಡಿಮೆ.

ಹಚ್ಚುವುದನ್ನು ಒಮ್ಮೆ ನೋಡಿದರೆ ಮಕ್ಕಳ ಹೆದರಿಕೆಯೂ ಹೋಗುತ್ತದೆ. ಸೂಜಿ ಇಲ್ಲ, ಮಿಷನ್ ಸದ್ದಿಲ್ಲ. ಹಲ್ಲನ್ನು ಹತ್ತಿಯಿಂದ ಒರೆಸಿ, ಚಿಕ್ಕ ಬ್ರಷ್‌ನಿಂದ ತೆಳ್ಳಗೆ ಸವರುತ್ತೇವೆ. ಜೊಲ್ಲು ತಾಗಿದ ಕೂಡಲೇ ಗಟ್ಟಿಯಾಗುತ್ತದೆ. ಕೆಲವು ಬಗೆಯ ವಾರ್ನಿಷ್ ಹಳದಿಯಾಗಿ ಕಾಣುತ್ತದೆ, ಮಾರನೇ ದಿನ ಉಜ್ಜಿದರೆ ಹೋಗುತ್ತದೆ. ನಾಲ್ಕು ಗಂಟೆ ಬಿಸಿ ಕಾಫಿ, ಚಕ್ಕುಲಿ, ನಿಪ್ಪಟ್ಟು ಬೇಡ. ಆ ರಾತ್ರಿ ಉಜ್ಜುವುದೂ ಬೇಡ. ಮೂರು ಅಥವಾ ಆರು ತಿಂಗಳಿಗೊಮ್ಮೆ ಮತ್ತೆ ಹಚ್ಚಿಸಬೇಕು.

ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2013ರ ವಿಮರ್ಶೆಯ ಪ್ರಕಾರ ವಾರ್ನಿಷ್ ಹಚ್ಚಿಸಿದ ಮಕ್ಕಳಲ್ಲಿ ಹುಳುಕು ಶಾಶ್ವತ ಹಲ್ಲಿನಲ್ಲಿ ಸರಾಸರಿ 43 ಶೇಕಡಾ, ಹಾಲುಹಲ್ಲಿನಲ್ಲಿ 37 ಶೇಕಡಾ ಕಡಿಮೆಯಾಗಿತ್ತು. ಅಮೆರಿಕನ್ ಡೆಂಟಲ್ ಅಸೋಸಿಯೇಷನ್ 2018ರಲ್ಲಿ ಗುಂಡಿ ಬೀಳದ ಮಚ್ಚೆಗಳಿಗೆ ಕೊಟ್ಟ ಸಲಹೆಯಲ್ಲೂ ವಾರ್ನಿಷ್‌ಗೆ ಮುಂದಿನ ಸಾಲಿನಲ್ಲೇ ಜಾಗ. ಹಲ್ಲಿನ ಸಂದಿಯ ಮಚ್ಚೆಗೂ ಅದನ್ನು ಹೇಳಿದ್ದಾರೆ. ದವಡೆ ಹಲ್ಲಿನ ಗೆರೆಗಳಲ್ಲಿ ಆದ ಮಚ್ಚೆಗೆ ಮಾತ್ರ ವಾರ್ನಿಷ್ ಜೊತೆ ಸೀಲೆಂಟ್, ಅಂದರೆ ಗೆರೆಗಳನ್ನು ಮುಚ್ಚುವ ತೆಳು ಲೇಪ, ಹಾಕಿಸುವುದು ಮೇಲು, ಯಾಕೆಂದರೆ ಆ ಆಳದ ಗೆರೆಗೆ ಬ್ರಷ್ಷಿನ ಎಳೆಯೇ ಇಳಿಯುವುದಿಲ್ಲ.

ಬೋರ್ ನೀರಿನ ಹಳ್ಳಿಯ ಮಗುವಿಗೆ ವಾರ್ನಿಷ್ ಹಚ್ಚಬಹುದಾ? ಹುಳುಕಿನ ಮಚ್ಚೆ ನಿಜವಾಗಿಯೂ ಇದ್ದರೆ ಹಚ್ಚಬಹುದು. ವರ್ಷಕ್ಕೆ ಎರಡರಿಂದ ನಾಲ್ಕು ಸಲ ಕೆಲವು ಹನಿ ಎಲ್ಲಿ, ದಿನಾ ಲೀಟರುಗಟ್ಟಲೆ ನೀರು ಎಲ್ಲಿ, ಅಲ್ವಾ? ಆದರೆ ಮಚ್ಚೆಯೇ ಇಲ್ಲದ ಮಗುವಿಗೆ "ಮುಂಜಾಗ್ರತೆಗೆ" ಅಂತ ಅಂಥ ಊರಿನಲ್ಲಿ ಹಚ್ಚುತ್ತಾ ಹೋಗುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ಮೊದಲು ನೀರು ಬದಲಾಯಿಸಲಿ. ಹಚ್ಚಿಸುವ ಮುಂಚೆ ಇನ್ನೊಂದು ಮಾತನ್ನೂ ಡಾಕ್ಟರಿಗೆ ಹೇಳಿ. ಹೆಚ್ಚಿನ ವಾರ್ನಿಷ್‌ಗಳಲ್ಲಿ ರಾಳ ಇರುತ್ತದೆ. ರಾಳಕ್ಕೆ ಅಲರ್ಜಿ ಇರುವವರು ಅಂಥದ್ದನ್ನು ಹಚ್ಚಿಸಲೇಬಾರದು, ಬಾಯಿ ಹುಣ್ಣಾಗಿರುವವರು ಆಗ ಹಚ್ಚಿಸಬಾರದು.

ಖರ್ಚು ಕ್ಲಿನಿಕ್ಕಿಂದ ಕ್ಲಿನಿಕ್ಕಿಗೆ ಬೇರೆ. ಕೈ ಬಿಗಿ ಇದ್ದರೆ ಡೆಂಟಲ್ ಕಾಲೇಜಿಗೆ ಹೋಗಿ. ಕೆಜಿಎಫ್‌ನಲ್ಲಿ ಒಂದಿದೆ, ತುಮಕೂರಿನಲ್ಲಿ ಸಿದ್ಧಾರ್ಥ ಇದೆ. ಕಲಿಯುವ ಹುಡುಗರು ಮೇಲಿನವರ ಉಸ್ತುವಾರಿಯಲ್ಲಿ ಮಾಡುತ್ತಾರೆ. ಹೊತ್ತು ಹಿಡಿಯುತ್ತದೆ, ಖರ್ಚು ಕಡಿಮೆ. ಇಷ್ಟು ಸರಳವಾದ ಕೆಲಸಕ್ಕೆ ಅನುಮಾನವೇ ಬೇಡ.

ಇದರ ಅಣ್ಣನೆನ್ನಬಹುದಾದ ಫ್ಲೋರೈಡ್ ಜೆಲ್ ಕೂಡ ಇದೆ, ಅಚ್ಚಿನಲ್ಲಿ ತುಂಬಿ ನಾಲ್ಕು ನಿಮಿಷ ಬಾಯಲ್ಲಿಡುವುದು. ದೊಡ್ಡವರಿಗೆ ಸರಿ. 6 ವರ್ಷದೊಳಗಿನವರು ನುಂಗಿಬಿಡುತ್ತಾರೆ, ಅವರಿಗೆ ಬೇಡ.

ಹಾಲಿನಿಂದ ಮಾಡಿದ ಕ್ರೀಮ್

ಮೆಡಿಕಲ್ ಸ್ಟೋರಿನವರು ತೋರಿಸುವ ದುಬಾರಿ ಟ್ಯೂಬ್ ಬಹುಮಟ್ಟಿಗೆ ಇದೇ. ಹೆಸರು ಸಿಪಿಪಿ-ಎಸಿಪಿ, ಅಂಗಡಿಯಲ್ಲಿ ಸಿಗುವ ಪ್ರಸಿದ್ಧ ರೂಪ ಟೂತ್ ಮೂಸ್. ಹಾಲಿನ ಕೇಸಿನ್ ಪ್ರೋಟೀನಿನ ತುಣುಕುಗಳಲ್ಲಿ ಕ್ಯಾಲ್ಸಿಯಂ, ಫಾಸ್ಫೇಟ್ ಕಟ್ಟಿಟ್ಟು ಹಲ್ಲಿನ ಹತ್ತಿರ ಒಯ್ದು ಬಿಡುವ ಉಪಾಯ. ಆಸ್ಟ್ರೇಲಿಯಾದ ಮೆಲ್ಬರ್ನ್ ವಿಶ್ವವಿದ್ಯಾಲಯದಲ್ಲಿ ಎರಿಕ್ ರೆನಾಲ್ಡ್ಸ್ ತಂಡ ಇದನ್ನು ಬೆಳೆಸಿತು. ರಾತ್ರಿ ಉಜ್ಜಿದ ಮೇಲೆ ಬೆರಳಿನಿಂದ ಸವರಿ, ಮೂರು ನಿಮಿಷ ಬಿಟ್ಟು, ಜಾಸ್ತಿ ಇದ್ದದ್ದನ್ನು ಉಗುಳಿ, ಅರ್ಧ ಗಂಟೆ ಏನೂ ತಿನ್ನದೆ ಕುಡಿಯದೆ ಇರಬೇಕು.

ವಿಚಾರ ಚೆನ್ನಾಗಿದೆ. ಆದರೆ ಫ್ಲೋರೈಡಿಗಿಂತ ಇದೇ ಮೇಲು ಅನ್ನುವುದಕ್ಕೆ ಗಟ್ಟಿ ಪುರಾವೆ ಸಿಕ್ಕಿಲ್ಲ. ಆಗಲೇ ಹೇಳಿದ 2018ರ ಅಮೆರಿಕದ ಸಲಹೆಯಲ್ಲಿ, ಫ್ಲೋರೈಡ್, ಸೀಲೆಂಟ್ ಕೈಗೆ ಸಿಗುವಾಗ 10 ಶೇಕಡಾ ಸಿಪಿಪಿ-ಎಸಿಪಿ ಬೇಡ ಅಂತಲೇ ಇದೆ. ಒಂದು ಟ್ಯೂಬಿನ ಬೆಲೆಗೆ ಸಾಧಾರಣ ಫ್ಲೋರೈಡ್ ಪೇಸ್ಟ್ ಎಷ್ಟೋ ತಿಂಗಳಿಗೆ ಬರುತ್ತದೆ.

ಹಾಗಾದರೆ ಯಾರಿಗೆ? ಫ್ಲೋರೈಡ್ ಜಾಸ್ತಿ ಇರುವ ಊರಿನಲ್ಲಿರುವ, ಇನ್ನೂ ಉಗುಳಲು ಬಾರದ ಚಿಕ್ಕ ಮಗುವಿಗೆ. ನುಂಗಿದರೂ ಫ್ಲೋರೈಡ್ ಇಲ್ಲ. ಕೊಳ್ಳುವಾಗ ಒಂದು ಎಚ್ಚರ: ಇದೇ ಕ್ರೀಮಿನ ಪ್ಲಸ್ ಅನ್ನುವ ಬಗೆಯಲ್ಲಿ 900 ಪಿಪಿಎಂ ಫ್ಲೋರೈಡ್ ಸೇರಿಸಿರುತ್ತಾರೆ. ಚಿಕ್ಕ ಮಕ್ಕಳಿಗೆ ಅದಲ್ಲ. ಇನ್ನೊಬ್ಬರು, ಬಾಯಿ ಒಣಗುವ ತೊಂದರೆ ಇರುವವರು. ಜೊಲ್ಲೇ ಕಡಿಮೆ ಇದ್ದರೆ ಫ್ಲೋರೈಡಿಗೆ ಜೊತೆಗೂಡಲು ಕ್ಯಾಲ್ಸಿಯಂ ಬೇಕಲ್ಲ. ಅವರಿಗೆ ಇದು ಫ್ಲೋರೈಡ್ ಬದಲಿಗೆ ಅಲ್ಲ, ಅದರ ಜೊತೆಗೆ. ಹಾಲಿನ ಪ್ರೋಟೀನಿಗೆ ಅಲರ್ಜಿ ಇರುವವರು ಮುಟ್ಟಲೇಬಾರದು.

ನ್ಯಾನೊ ಹೈಡ್ರಾಕ್ಸಿಅಪಟೈಟ್, ಬಯೋಗ್ಲಾಸ್

ಎನಾಮಲ್ ಆಗಿರುವ ಖನಿಜವನ್ನೇ ಅತಿ ಸಣ್ಣ ಕಣಗಳಾಗಿ ಮಾಡಿ ಪೇಸ್ಟಿಗೆ ಹಾಕುವುದು ನ್ಯಾನೊ ಹೈಡ್ರಾಕ್ಸಿಅಪಟೈಟ್. ಜಪಾನಿನವರು 1980ರಿಂದಲೇ ಮಾರುತ್ತಿದ್ದಾರೆ. ಹುಳುಕು ತಡೆಯುವ ವಸ್ತು ಅಂತ ಅಲ್ಲಿನ ಸರ್ಕಾರ 1993ರಲ್ಲಿ ಒಪ್ಪಿಕೊಂಡಿತು. ಫ್ಲೋರೈಡಿಗೆ ಸರಿಸಾಟಿ ಅಂತ ತೋರಿಸಿದ ಪ್ರಯೋಗಗಳೂ ಇವೆ, ಆದರೆ ಫ್ಲೋರೈಡಿನ ಬೆನ್ನಿಗಿರುವ ದಶಕಗಳ ಅನುಭವದ ಮುಂದೆ ಅವು ಕಡಿಮೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಈ ಮೂರು ಜಿಲ್ಲೆಗಳ ಮಟ್ಟಿಗೆ ಇದು ನನಗೆ ಆಸಕ್ತಿ ಹುಟ್ಟಿಸುವ ಆಯ್ಕೆ. ಬೋರ್ ನೀರು ಬಿಟ್ಟರೆ ಗತಿಯಿಲ್ಲದ ಮನೆಯಲ್ಲಿ, ಪೇಸ್ಟ್ ನುಂಗುವ ವಯಸ್ಸಿನ ಮಗುವಿಗೆ ದಿನಾ ಉಜ್ಜಲು ಇದನ್ನು ಕೊಡಬಹುದು. ಬೆಲೆ ಸಾಧಾರಣ ಪೇಸ್ಟಿಗಿಂತ ಜಾಸ್ತಿ. ಸಣ್ಣ ಊರಿನ ಅಂಗಡಿಯಲ್ಲಿ ಸಿಗುವುದು ಕಷ್ಟ, ಆನ್‌ಲೈನ್‌ನಲ್ಲಿ ತರಿಸಬೇಕು. ದೊಡ್ಡವರು ಫ್ಲೋರೈಡ್ ಪೇಸ್ಟ್ ಬಿಟ್ಟು ಇದಕ್ಕೆ ಬದಲಾಯಿಸಲು ನನಗಂತೂ ಕಾರಣ ಕಾಣುವುದಿಲ್ಲ.

ಬಯೋಗ್ಲಾಸ್, ಅಂದರೆ ನೋವಾಮಿನ್ ಅನ್ನುವ, ಕ್ಯಾಲ್ಸಿಯಂ ಬಿಡುವ ಗಾಜಿನ ಪುಡಿ ಇರುವ ಪೇಸ್ಟು, ಮುಖ್ಯವಾಗಿ ಜುಂ ಅನ್ನುವ ಹಲ್ಲಿಗೆ. ಮಚ್ಚೆಗೆ ಅಂತಲೇ ಕೊಳ್ಳುವುದು ಬೇಡ. ಎರಡೂ ತೊಂದರೆ ಇದ್ದರೆ ಫ್ಲೋರೈಡ್ ಕೂಡ ಸೇರಿರುವ ಬಗೆ ನೋಡಿ.

ಕಪ್ಪು ಮಾಡುವ ಔಷಧಿ

ಸಿಲ್ವರ್ ಡಯಮೀನ್ ಫ್ಲೋರೈಡ್, 38 ಶೇಕಡಾ. ಬೆಳ್ಳಿ ಬ್ಯಾಕ್ಟೀರಿಯಾ ಕೊಲ್ಲುತ್ತದೆ, ಫ್ಲೋರೈಡ್ ಹಲ್ಲು ಗಟ್ಟಿ ಮಾಡುತ್ತದೆ. ಅಗ್ಗ, ಒಂದು ನಿಮಿಷದ ಕೆಲಸ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅವಶ್ಯಕ ಔಷಧಿಗಳ ಪಟ್ಟಿಗೆ ಸೇರಿಸಿದೆ. ಆದರೆ ಹುಳುಕಾದ ಜಾಗ ಕಪ್ಪಾಗುತ್ತದೆ, ಆ ಕಪ್ಪು ಹೋಗುವುದಿಲ್ಲ.

ಬರೀ ಬಿಳಿ ಮಚ್ಚೆಗೆ, ಅದೂ ಮುಂದಿನ ಹಲ್ಲಿಗೆ, ಇದು ಬೇಡ. ಇದರ ಜಾಗ ಬೇರೆ: ಹಾಲುಹಲ್ಲಿನಲ್ಲಿ ಆಗಲೇ ಗುಂಡಿ ಬಿದ್ದಿದೆ, ಮಗು ಬಾಯಿ ತೆರೆಯುವುದಿಲ್ಲ, ಮತ್ತೆ ಮತ್ತೆ ಬರಲು ಮನೆಯವರಿಗೆ ಆಗುವುದಿಲ್ಲ. ಅಂಥ ಕಡೆ ವರ್ಷಕ್ಕೆ ಎರಡು ಸಲ ಹಚ್ಚಿದರೆ ಹುಳುಕು ನಿಲ್ಲುತ್ತದೆ, ಆ ಹಲ್ಲು ತಾನಾಗಿ ಬೀಳುವವರೆಗೆ ನೋವಿಲ್ಲದೆ ಕಳೆಯಬಹುದು. "ಹೆಣ್ಣುಮಗು ಮೇಡಂ, ಹಲ್ಲು ಕಪ್ಪಾದರೆ ಹೆಂಗೆ?" ಅಂತ ಅಜ್ಜಿಯರು ಕೇಳುತ್ತಾರೆ. ಹಾಲುಹಲ್ಲು ಅಜ್ಜಿ, ಬಿದ್ದು ಹೊಸದು ಬರುತ್ತೆ ಅಂತ ಸಮಾಧಾನ ಹೇಳುತ್ತೇನೆ. ಆದರೂ ಹಚ್ಚುವ ಮುಂಚೆ ಕಪ್ಪಾದ ಹಲ್ಲಿನ ಫೋಟೊ ತೋರಿಸಿಯೇ ಒಪ್ಪಿಗೆ ಪಡೆಯುತ್ತೇನೆ. ತೋರಿಸದೆ ಯಾರಾದರೂ ಹಚ್ಚಲು ಬಂದರೆ ನೀವೇ ಕೇಳಿ. ಬೆಳ್ಳಿಗೆ ಅಲರ್ಜಿ ಇರುವವರಿಗೆ ಇದು ಆಗದು.

ರೆಸಿನ್ ಇಳಿಸುವುದು

ಇದು ಖನಿಜ ತುಂಬುವ ಚಿಕಿತ್ಸೆಯಲ್ಲ, ಮಚ್ಚೆಯ ಸೂಕ್ಷ್ಮ ರಂಧ್ರಗಳಿಗೆ ತೆಳುವಾದ ರೆಸಿನ್, ಅಂದರೆ ಪ್ಲಾಸ್ಟಿಕ್ಕಿನಂಥ ದ್ರವ, ಇಳಿಸಿ ಮುಚ್ಚುವುದು. ಜರ್ಮನಿಯ ಐಕಾನ್ ಅನ್ನುವ ಕಿಟ್ಟಿನಿಂದ ಮಾಡುತ್ತಾರೆ. 15 ಶೇಕಡಾ ಹೈಡ್ರೋಕ್ಲೋರಿಕ್ ಆಮ್ಲವನ್ನು ಎರಡು ನಿಮಿಷ ಇಟ್ಟು ಹೊರಪದರ ತೆರೆದು, ಒಣಗಿಸಿ, ರೆಸಿನ್ ಹೀರಿಸಿ, ನೀಲಿ ಬೆಳಕಿನಿಂದ ಗಟ್ಟಿ ಮಾಡುತ್ತಾರೆ. ಕೊರೆಯುವುದಿಲ್ಲ, ನೋವಿಲ್ಲ. ಬಿಳುಪು ಅಲ್ಲೇ ಕಣ್ಣೆದುರಿಗೇ ಕರಗಿ ಹಲ್ಲಿನ ಬಣ್ಣಕ್ಕೆ ಸೇರಿಕೊಳ್ಳುತ್ತದೆ. ಇಲ್ಲಿ ಹೇಳಿದವುಗಳಲ್ಲಿ ಒಂದೇ ಭೇಟಿಯಲ್ಲಿ ಅಂದ ಕೊಡುವುದು ಇದೊಂದೇ. ಹಗುರ ಫ್ಲೋರೋಸಿಸ್ ಬಿಳುಪಿಗೂ ಕೆಲಸ ಮಾಡುತ್ತದೆ ಅನ್ನುವುದು ನಮ್ಮ ಕಡೆಯ ಹುಡುಗ ಹುಡುಗಿಯರಿಗೆ ದೊಡ್ಡ ವಿಷಯ. ನಗುವಾಗ ಕೈ ಅಡ್ಡ ಇಟ್ಟುಕೊಳ್ಳುವ ಕಾಲೇಜು ಮಕ್ಕಳನ್ನು ನೋಡಿದವರಿಗೆ ಇದನ್ನು ಬರೀ ಶೋಕಿ ಅನ್ನಲು ಮನಸ್ಸು ಬರುವುದಿಲ್ಲ.

ಕಷ್ಟ ಇರುವುದು ಬೆಲೆಯಲ್ಲಿ. ಹಲ್ಲೊಂದಕ್ಕೆ ಸಾವಿರಗಳ ಲೆಕ್ಕ, ಎಲ್ಲಾ ಕ್ಲಿನಿಕ್ಕಿನಲ್ಲೂ ಮಾಡುವುದಿಲ್ಲ, ಬೆಂಗಳೂರಿಗೆ ಹೋಗಬೇಕಾಗಬಹುದು. ಒಮ್ಮೆ ರೆಸಿನ್ ತುಂಬಿದ ಮೇಲೆ ಅಲ್ಲಿಗೆ ಖನಿಜ ಬರುವ ದಾರಿಯೂ ಮುಚ್ಚಿತು. ಹಾಗಾಗಿ ಮೊದಲ ಹೆಜ್ಜೆಯಾಗಿ ಇದು ಬೇಡ.

ಯಾರಿಗೆ ಯಾವುದು

ಪಿಯುಸಿ ಓದುವ ಹುಡುಗಿ, ಕ್ಲಿಪ್ ತೆಗೆಸಿದ ಮೇಲೆ ಮುಂದಿನ ಹಲ್ಲುಗಳ ಮೇಲೆ ಚೌಕದ ಬಿಳುಪು. ಮನೆಯವರು ಮದುವೆ, ಫೋಟೊ ಅಂತ ಅವಸರ ಮಾಡುತ್ತಾರೆ. ನನ್ನ ಸಲಹೆ: ಮೊದಲು ಆರು ತಿಂಗಳು ಫ್ಲೋರೈಡ್ ಪೇಸ್ಟ್ ಸರಿಯಾಗಿ, ಸಿಹಿ ಕಡಿಮೆ. ಕ್ಲಿಪ್ ತೆಗೆದು ಪಾಚಿ ಕೂರುವುದು ನಿಂತದ್ದರಿಂದಲೇ ಬಹಳಷ್ಟು ತಿಳಿಯಾಗುತ್ತದೆ. ಇಂಥ ಮುಂದಿನ ಹಲ್ಲಿಗೆ ಶುರುವಿನಲ್ಲೇ ಜೋರು ಫ್ಲೋರೈಡ್ ಹಚ್ಚಿದರೆ ಮೇಲ್ಪದರ ಬೇಗ ಮುಚ್ಚಿ ಒಳಗಿನ ಬಿಳುಪು ಅಲ್ಲೇ ಉಳಿಯಬಹುದು ಅನ್ನುವ ಮಾತಿದೆ, ನಾನೂ ಇಲ್ಲಿ ನಿಧಾನದ ದಾರಿಯನ್ನೇ ಹಿಡಿಯುತ್ತೇನೆ. ಆರು ತಿಂಗಳಾದರೂ ಕಣ್ಣಿಗೆ ಹೊಡೆಯುವಂತಿದ್ದರೆ, ದುಡ್ಡಿಗೆ ತೊಂದರೆ ಇಲ್ಲದಿದ್ದರೆ, ಆಗ ರೆಸಿನ್.

ಬಾಗೇಪಲ್ಲಿ ಕಡೆಯ ಎರಡು ವರ್ಷದ ಮಗು, ಮೇಲಿನ ಮುಂದಿನ ಹಲ್ಲುಗಳಿಗೆ ವಸಡಿನಂಚಿನಲ್ಲಿ ಬಿಳಿ ಗೆರೆ. ಕೇಳಿದರೆ ರಾತ್ರಿ ಸಕ್ಕರೆ ಹಾಕಿದ ಹಾಲಿನ ಬಾಟಲಿ ಬಾಯಲ್ಲಿಟ್ಟುಕೊಂಡೇ ಮಲಗುತ್ತದೆ. ಇಲ್ಲಿ ಮೊದಲು ಹೋಗಬೇಕಾದದ್ದು ಆ ಬಾಟಲಿ. ಅದನ್ನು ಬಿಡಿಸದೆ ಏನು ಹಚ್ಚಿದರೂ ನೀರಿನಲ್ಲಿ ಹೋಮ. ಆಮೇಲೆ ಅಡುಗೆಗೂ ಆರ್‌ಒ ನೀರು. ವಾರ್ನಿಷ್ ಮಚ್ಚೆ ಇರುವ ಹಲ್ಲಿಗೆ ಮಾತ್ರ, ಮೂರು ತಿಂಗಳಿಗೊಮ್ಮೆ. ನೀರು ಬದಲಾಯಿಸಿದ ಮನೆಯಾದರೆ ಅಕ್ಕಿ ಕಾಳಿನಷ್ಟು ಫ್ಲೋರೈಡ್ ಪೇಸ್ಟ್ ಸಾಕು. ಬದಲಾಯಿಸಲು ಆಗದ ಮನೆಯಾದರೆ ನ್ಯಾನೊ ಪೇಸ್ಟ್ ಅಥವಾ ಹಾಲಿನ ಕ್ರೀಮಿಗೆ ಖರ್ಚು ಮಾಡಿದ್ದು ಸಾರ್ಥಕ.

ಟೊಮೇಟೊ ಮಂಡಿಯಲ್ಲಿ ಕೆಲಸ ಮಾಡುವ ಅರವತ್ತು ದಾಟಿದವರು, ಸಕ್ಕರೆ ಕಾಯಿಲೆ, ಬಿಪಿ ಮಾತ್ರೆ, ಬಾಯಿ ಒಣಗುತ್ತದೆ, ವಸಡು ಸರಿದು ಬೇರು ಕಾಣುತ್ತಿದೆ. ಬೇರಿನ ಮೇಲಿನ ಹುಳುಕು ಎನಾಮಲ್‌ನದಕ್ಕಿಂತ ಬೇಗ ಓಡುತ್ತದೆ. ಹೊರದೇಶಗಳಲ್ಲಿ ಇಂಥವರಿಗೆ 5000 ಪಿಪಿಎಂ ಪೇಸ್ಟ್ ಬರೆದುಕೊಡುತ್ತಾರೆ. ಇಲ್ಲಿ ಅದರ ಬದಲಿಗೆ ಮೂರು ತಿಂಗಳಿಗೊಮ್ಮೆ ವಾರ್ನಿಷ್, ಎರಡು ಹೊತ್ತು ಫ್ಲೋರೈಡ್ ಪೇಸ್ಟ್, ಜೊತೆಗೆ ಹಾಲಿನ ಕ್ರೀಮ್. ಒಳಗಡೆ ಕಾಣದ ಹಲ್ಲಾದರೆ ಕಪ್ಪು ಔಷಧಿಯನ್ನೂ ಯೋಚಿಸಬಹುದು. ಮಂಡಿಯಲ್ಲಿ ಗಂಟೆಗೊಂದು ಸಿಹಿ ಟೀ ಕುಡಿಯುವ ಅಭ್ಯಾಸ ಇದ್ದರೆ ಊಟದ ಹೊತ್ತಿಗೆ ಎರಡಕ್ಕೆ ಇಳಿಸಲಿ. ಸಕ್ಕರೆ ಎಷ್ಟು ಅನ್ನುವುದಕ್ಕಿಂತ ಎಷ್ಟು ಸಲ ಅನ್ನುವುದು ಹಲ್ಲಿಗೆ ಮುಖ್ಯ.

ಶ್ರೀನಿವಾಸಪುರದ ಕಡೆಯವರಿಗೆ ಇನ್ನೊಂದು ಮಾತು. ಮಾವಿನ ಕಾಲದಲ್ಲಿ ಉಪ್ಪು ಖಾರ ಹಚ್ಚಿದ ಕಾಯಿ ತಿಂದ ಕೂಡಲೇ ಹಲ್ಲುಜ್ಜಬೇಡಿ. ಹುಳಿಗೆ ಮೆತ್ತಗಾದ ಎನಾಮಲ್ ಬ್ರಷ್ಷಿಗೆ ಸವೆಯುತ್ತದೆ. ನೀರಿನಲ್ಲಿ ಬಾಯಿ ತೊಳೆದು ಅರ್ಧ ಗಂಟೆ ಬಿಡಿ.

ಯಾವುದನ್ನೇ ಆರಿಸಿ, ಶುರು ಮಾಡಿದ ದಿನ ಕಿಟಕಿ ಬೆಳಕಿನಲ್ಲಿ, ಒರೆಸಿದ ಹಲ್ಲಿನ ಒಂದು ಫೋಟೊ ತೆಗೆದಿಡಿ. ಮೂರು ತಿಂಗಳಿಗೆ ಅದೇ ಬೆಳಕಿನಲ್ಲಿ ಇನ್ನೊಂದು. ಬಿಳುಪು ಪೂರ್ತಿ ಹೋಗಿದೆಯಾ ಅಂತ ಅಲ್ಲ, ಹೊಳಪು ಬಂದಿದೆಯಾ ಅಂತ ನೋಡಿ. ಮಂಕಾಗಿ ಒರಟಾಗಿದ್ದ ಜಾಗ ನಯವಾಗಿ ಹೊಳೆದರೆ ಹುಳುಕು ನಿಂತಿದೆ, ಬಣ್ಣ ಸ್ವಲ್ಪ ಉಳಿದರೂ, ಕಂದಾದರೂ ಚಿಂತೆಯಿಲ್ಲ. ಹಾಗೇ ಮಂಕಾಗಿದ್ದರೆ ಅಥವಾ ಅಗಲವಾಗಿದ್ದರೆ ಡಾಕ್ಟರ ಹತ್ತಿರ ಹೋಗಿ ಮದ್ದು ಬದಲಾಯಿಸಿ. ನಾಲಿಗೆಗೆ ಅಂಚು ತಾಗುವಂತಾಗಿ, ಊಟದ ಚೂರು ಸಿಕ್ಕಿಹಾಕಿಕೊಳ್ಳಲು ಶುರುವಾದರೆ ಗುಂಡಿ ಬಿದ್ದಿದೆ ಅಂತ ಅರ್ಥ. ಆಗ ಇನ್ನೊಂದು ಟ್ಯೂಬ್ ಕೊಳ್ಳಬೇಡಿ, ಆ ವಾರವೇ ಹೋಗಿ ಸಿಮೆಂಟ್ ತುಂಬಿಸಿಕೊಳ್ಳಿ.